ಆಪರೇಷನ್ ಕೆಟ್ಟಾಗ ಕಾನೂನು ಏನನ್ನು ಕೇಳುತ್ತದೆ?

(ಶಿರಸಿಯಲ್ಲಿ ಸಾರ್ವಜನಿಕರಿಗೆ ಮತ್ತು ಆಸ್ಪತ್ರೆ ಸಿಬ್ಬಂದಿಗೆ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.)

1963ರ ಜುಲೈ. ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಮಹಿಳೆಯೊಬ್ಬರಿಗೆ ಮೂರು ದಿನ ಬಿಟ್ಟು ಸಂತಾನಹರಣ ಚಿಕಿತ್ಸೆ ಮಾಡಿದರು. ಜ್ವರ ಬಂತು, ಹೊಟ್ಟೆನೋವು ಇಳಿಯಲಿಲ್ಲ. ಆರು ದಿನದ ಮೇಲೆ ಮತ್ತೆ ಹೊಟ್ಟೆ ತೆರೆದಾಗ ಒಳಗೆ ರಕ್ತ ಒರೆಸುವ ಬಟ್ಟೆ, ಅಂದರೆ ಥಿಯೇಟರಿನವರು ಮಾಪ್ ಎನ್ನುವುದು, ಸಿಕ್ಕಿತು. ಮತ್ತೈದು ದಿನಕ್ಕೆ ಅವರು ತೀರಿಕೊಂಡರು. ಮನೆಯವರು ಹೂಡಿದ ದಾವೆ ಕೆಳಕೋರ್ಟಿನಲ್ಲಿ ಗೆದ್ದು, ಹೈಕೋರ್ಟಿನಲ್ಲಿ ಸೋತು, ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಗೆದ್ದದ್ದು 1996ರಲ್ಲಿ. ಪರಿಹಾರದ ಮೊತ್ತ 36 ಸಾವಿರ ರೂಪಾಯಿ. ಆ ತೀರ್ಪು ಇಂದಿಗೂ ಉಪಯೋಗಕ್ಕೆ ಬರುವುದು ಅದರಲ್ಲಿರುವ ಒಂದು ನಿಲುವಿನಿಂದ. ಬಟ್ಟೆಯನ್ನು ಒಳಗೆ ಬಿಟ್ಟವರು ಇಂಥವರೇ ಎಂದು ರೋಗಿಯ ಕಡೆಯವರು ಬೆರಳಿಟ್ಟು ತೋರಿಸಬೇಕಾಗಿಲ್ಲ. ಹೊಟ್ಟೆಯೊಳಗೆ ಬಟ್ಟೆ ಉಳಿದಿದೆ ಎಂದರೆ ಯಾರೋ ಎಚ್ಚರ ತಪ್ಪಿದ್ದಾರೆ ಎಂಬುದು ತಾನಾಗಿಯೇ ಸಿದ್ಧವಾಗುತ್ತದೆ, ಅವರನ್ನು ಕೆಲಸಕ್ಕಿಟ್ಟ ಸರ್ಕಾರ ಹೊಣೆ ಹೊರಬೇಕು.

ಇದು ಸುಲಭದ ಪ್ರಕರಣ. ಬಲಗಾಲಿನ ಬದಲು ಎಡಗಾಲು ಕೊಯ್ದದ್ದು, ಒಬ್ಬರಿಗೆ ಹಾಕಬೇಕಾದ ರಕ್ತವನ್ನು ಇನ್ನೊಬ್ಬರಿಗೆ ಹಾಕಿದ್ದು, ಇವೂ ಹಾಗೇ. ಆದರೆ ಸಿಟ್ಟು, ಸಂಶಯ, ದುಃಖ ಹೊತ್ತು ವಕೀಲರ ಕಚೇರಿಗೆ ಬರುವ ಬಹುಪಾಲು ಪ್ರಕರಣಗಳು ಈ ಜಾತಿಯವಲ್ಲ. ಆಪರೇಷನ್ ಆಯಿತು, ರೋಗಿ ಸುಧಾರಿಸಲಿಲ್ಲ, ಇನ್ನೊಂದು ಊರಿಗೆ ಕಳಿಸಿದರು, ಅಲ್ಲಿ ತೀರಿಕೊಂಡರು. ತಪ್ಪು ಎಲ್ಲಿ? ತಪ್ಪು ಇದೆಯೇ? ಕಾನೂನು ಇಲ್ಲಿ ಫಲಿತಾಂಶ ನೋಡುವುದಿಲ್ಲ. ಏನು ಮಾಡಿದರು, ಎಷ್ಟು ಹೊತ್ತಿಗೆ ಮಾಡಿದರು, ಅದನ್ನು ಎಲ್ಲಿ ಬರೆದಿಟ್ಟರು ಎಂಬ ಮೂರನ್ನು ಕೇಳುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಮೂರನೆಯದು, ಅಂದರೆ ದಾಖಲೆಯೇ, ಘಟ್ಟದ ದಾರಿಯಲ್ಲಿ ತುಂಡಾಗುತ್ತದೆ. ಒಂದು ತುಣುಕು ಕುಮಟಾದಲ್ಲಿ, ಒಂದು ಅಂಬ್ಯುಲೆನ್ಸಿನಲ್ಲಿ, ಒಂದು ಮಣಿಪಾಲದಲ್ಲೋ ಹುಬ್ಬಳ್ಳಿಯಲ್ಲೋ ಗೋವಾದ ಬಾಂಬೋಳಿಯಲ್ಲೋ. ಇವತ್ತಿನ ಮಾತಿನ ಹೆಚ್ಚು ಪಾಲು ಅದರ ಬಗ್ಗೆಯೇ.

ಮೊದಲು, ತೊಡಕು ಮತ್ತು ನಿರ್ಲಕ್ಷ್ಯ ಬೇರೆಯಾಗುವುದು ಎಲ್ಲಿ ಎಂದು ನೋಡೋಣ. ಪಿತ್ತಕೋಶದ ಕಲ್ಲಿಗೆ ಮಾಡುವ ಲ್ಯಾಪ್ರೋಸ್ಕೋಪಿ, ಅಂದರೆ ಸಣ್ಣ ರಂಧ್ರದಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್, ಈಗ ತಾಲೂಕು ಮಟ್ಟದಲ್ಲೂ ಆಗುತ್ತದೆ. ಪಿತ್ತಕೋಶವನ್ನು ತೆಗೆಯುವಾಗ ಅದರ ಸಣ್ಣ ನಾಳಕ್ಕೆ ಮತ್ತು ರಕ್ತನಾಳಕ್ಕೆ ಕ್ಲಿಪ್ ಹಾಕಿ ಕತ್ತರಿಸಬೇಕು. ಪಕ್ಕದಲ್ಲೇ ಯಕೃತ್ತಿನಿಂದ ಕರುಳಿಗೆ ಹೋಗುವ ಮುಖ್ಯ ಪಿತ್ತನಾಳ ಇರುತ್ತದೆ. ಉರಿಯೂತದಿಂದ ಎಲ್ಲವೂ ಅಂಟಿಕೊಂಡಿದ್ದರೆ ಮುಖ್ಯ ನಾಳವೇ ಸಣ್ಣ ನಾಳದಂತೆ ಕಾಣುತ್ತದೆ. ನುರಿತವರ ಕೈಯಲ್ಲೂ ಸಾವಿರಕ್ಕೆ ಮೂರರಿಂದ ಐದು ಆಪರೇಷನ್‌ಗಳಲ್ಲಿ ಅದಕ್ಕೆ ಪೆಟ್ಟಾಗುತ್ತದೆ ಎಂದು ಶಸ್ತ್ರಚಿಕಿತ್ಸಾ ಗ್ರಂಥಗಳೇ ಹೇಳುತ್ತವೆ. ಹಾಗಾಗಿ ನಾಳಕ್ಕೆ ಪೆಟ್ಟಾಯಿತು ಎಂಬಷ್ಟರಿಂದಲೇ ನಿರ್ಲಕ್ಷ್ಯ ಆಗುವುದಿಲ್ಲ.

ನಿರ್ಲಕ್ಷ್ಯದ ಪ್ರಶ್ನೆ ಅದರ ಆಚೀಚೆ ಇರುತ್ತದೆ. ಕತ್ತರಿಸುವ ಮೊದಲು ಆ ಜಾಗವನ್ನು ಬಿಡಿಸಿ, ಪಿತ್ತಕೋಶಕ್ಕೆ ಹೋಗುವುದು ಎರಡೇ ನಾಳ ಎಂದು ಖಚಿತ ಮಾಡಿಕೊಂಡರೇ? ಕಾಣದಿದ್ದಾಗ ಹಟ ಹಿಡಿಯದೆ ಹೊಟ್ಟೆ ತೆರೆದು ಮಾಡುವ ವಿಧಾನಕ್ಕೆ ಬದಲಾಯಿಸಿದರೇ? ಮರುದಿನ ಡ್ರೇನ್ ಕೊಳವೆಯಲ್ಲಿ ಹಸಿರು ಪಿತ್ತ ಕಂಡಾಗ, ಎರಡನೇ ದಿನ ಏಳಲಾಗದಷ್ಟು ಹೊಟ್ಟೆನೋವು ಇದ್ದಾಗ, ಕಣ್ಣು ಹಳದಿಯಾದಾಗ ಸ್ಕ್ಯಾನ್ ಮಾಡಿಸಿದರೇ, ಅಥವಾ ‘ಗ್ಯಾಸ್’ ಎಂದು ಮನೆಗೆ ಕಳಿಸಿದರೇ? ಪೆಟ್ಟು ಅದೇ ದಿನ ಗೊತ್ತಾದರೆ ಸರಿಪಡಿಸುವ ದಾರಿ ಇರುತ್ತದೆ. ಹತ್ತು ದಿನ ಪಿತ್ತ ಹೊಟ್ಟೆಯೊಳಗೆ ಸೋರಿದ ಮೇಲೆ ಗೊತ್ತಾದರೆ ರೋಗಿ ತಿಂಗಳುಗಟ್ಟಲೆ ನರಳುತ್ತಾರೆ, ಕೆಲವರು ಉಳಿಯುವುದಿಲ್ಲ. ಲ್ಯಾಪ್ರೋಸ್ಕೋಪಿಯಿಂದ ತೆರೆದ ಆಪರೇಷನ್‌ಗೆ ಬದಲಾಯಿಸಿದ್ದನ್ನೇ ತಪ್ಪೆಂದು ದೂರುವವರಿದ್ದಾರೆ. ಅದು ತಪ್ಪಲ್ಲ, ಬಹಳ ಸಲ ಅದೇ ಸರಿಯಾದ ತೀರ್ಮಾನ. ಗರ್ಭಕೋಶ ತೆಗೆಯುವಾಗ ಮೂತ್ರನಾಳಕ್ಕೆ ಪೆಟ್ಟಾಗುವುದಕ್ಕೂ ಇದೇ ಲೆಕ್ಕ.

ಕೋರ್ಟುಗಳು ಇದಕ್ಕೆ ಹಿಡಿಯುವ ಅಳತೆಗೋಲು ಇಂಗ್ಲೆಂಡಿನಲ್ಲಿ 1957ರಲ್ಲಿ ಇತ್ಯರ್ಥವಾದ ಬೋಲಮ್ ಪ್ರಕರಣದ್ದು. ಅದೇ ವಿಷಯದಲ್ಲಿ ತರಬೇತಾದ ಜವಾಬ್ದಾರಿಯುತ ವೈದ್ಯರ ಒಂದು ಗುಂಪು ಸರಿ ಎಂದು ಒಪ್ಪುವ ರೀತಿಯಲ್ಲಿ ನಡೆದಿದ್ದರೆ, ಇನ್ನೊಂದು ಗುಂಪು ಬೇರೆ ರೀತಿ ಮಾಡುತ್ತದೆ ಎಂಬ ಕಾರಣಕ್ಕೆ ನಿರ್ಲಕ್ಷ್ಯ ಆಗದು. ಸುಪ್ರೀಂ ಕೋರ್ಟು 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಇದನ್ನೇ ಎತ್ತಿಹಿಡಿಯಿತು. ವೈದ್ಯರು ದೇಶದಲ್ಲೇ ಅತ್ಯುತ್ತಮರಾಗಿರಬೇಕೆಂದು ಕಾನೂನು ಕೇಳುವುದಿಲ್ಲ. ಸಾಧಾರಣ ಕುಶಲತೆ, ಸಾಧಾರಣ ಎಚ್ಚರ ಸಾಕು. ಈ ಅಳತೆ ವೈದ್ಯರ ಕಡೆಗೆ ವಾಲಿದೆ ಎನ್ನುವ ಟೀಕೆ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ಇದು ಕೂಡ ಕಳಚಿಬೀಳುವ ಜಾಗಗಳಿವೆ. ಥಿಯೇಟರಿನಲ್ಲಿ ಬಳಸಿದ ವಸ್ತುಗಳ ಎಣಿಕೆ ಅಂಥದ್ದು, ಒಪ್ಪಿಗೆ ಅಂಥದ್ದು, ರಾತ್ರಿಯ ಚಾರ್ಟು ಅಂಥದ್ದು. ಅಲ್ಲಿ ‘ನಮ್ಮ ಪದ್ಧತಿ ಬೇರೆ’ ಎನ್ನಲು ಯಾವ ಗುಂಪೂ ಬರುವುದಿಲ್ಲ.

ಎಣಿಕೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಹೊಟ್ಟೆಯ ಆಪರೇಷನ್ನಿನಲ್ಲಿ ಮಾಪ್, ಗಾಜ್ ಎಂಬ ತೆಳು ಬಟ್ಟೆಯ ತುಂಡು, ಸೂಜಿ, ಕ್ಲ್ಯಾಂಪು ಎಲ್ಲವನ್ನೂ ಇಬ್ಬರು ಸೇರಿ, ಬಾಯಿಬಿಟ್ಟು, ಒಂದೊಂದನ್ನೂ ಬಿಡಿಸಿ ನೋಡುತ್ತ ಎಣಿಸಬೇಕು. ಒಬ್ಬರು ಸರ್ಜನ್ ಪಕ್ಕ ನಿಂತ ನರ್ಸ್, ಇನ್ನೊಬ್ಬರು ಹೊರಗೆ ಓಡಾಡುವ ನರ್ಸ್. ಮೊದಲ ಎಣಿಕೆ ಕೊಯ್ಯುವ ಮುನ್ನ, ಎರಡನೆಯದು ಒಳಪದರ ಹೊಲಿಯುವ ಮುನ್ನ, ಮೂರನೆಯದು ಚರ್ಮ ಹೊಲಿಯುವಾಗ. ನಡುವೆ ಪಾಳಿ ಬದಲಾದರೆ ಆಗಲೂ ಒಮ್ಮೆ. ಹೊಸ ಕಟ್ಟು ಬಿಚ್ಚಿದರೆ ತಕ್ಷಣ ಬೋರ್ಡಿನ ಮೇಲೆ ಕೂಡಿಸಬೇಕು. ಕಟ್ಟಿನಲ್ಲಿ ಐದರ ಬದಲು ನಾಲ್ಕೋ ಆರೋ ಬಂದಿದ್ದರೆ ಆ ಕಟ್ಟನ್ನೇ ಥಿಯೇಟರಿನ ಲೆಕ್ಕದಿಂದ ಹೊರಗಿಡಬೇಕು. ಮಾಪಿನಲ್ಲಿ ಎಕ್ಸ್‌ರೇಯಲ್ಲಿ ಕಾಣುವ ನೂಲು ಇರಲೇಬೇಕು. ಥಾನಿನ ಬಟ್ಟೆ ಕತ್ತರಿಸಿ ಕುದಿಸಿ ಬಳಸಿದರೆ ಅದು ಒಳಗೆ ಉಳಿದರೂ ಎಕ್ಸ್‌ರೇಗೆ ಸಿಗುವುದಿಲ್ಲ. ಮಾಪನ್ನು ಎರಡಾಗಿ ಕತ್ತರಿಸಬಾರದು. ಲೆಕ್ಕ ತಪ್ಪಿದರೆ ಹೊಲಿಗೆ ನಿಲ್ಲಿಸಿ ಹೊಟ್ಟೆಯಲ್ಲಿ, ಬಕೆಟ್ಟಿನಲ್ಲಿ, ನೆಲದ ಮೇಲೆ, ಹೊದಿಕೆಯ ಮಡಿಕೆಯಲ್ಲಿ ಹುಡುಕಬೇಕು, ಸಿಗದಿದ್ದರೆ ಟೇಬಲ್ಲಿನ ಮೇಲೇ ಎಕ್ಸ್‌ರೇ ತೆಗೆಯಬೇಕು.

ವಿಚಿತ್ರವೆಂದರೆ, ವಸ್ತು ಒಳಗೆ ಉಳಿದ ಪ್ರಕರಣಗಳನ್ನು ಅಮೆರಿಕದಲ್ಲಿ ಪರಿಶೀಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಣಿಕೆ ನಡೆದಿದ್ದ ಪ್ರಕರಣಗಳ ಪೈಕಿ ಬಹುಪಾಲಿನಲ್ಲಿ ‘ಲೆಕ್ಕ ಸರಿ’ ಎಂದೇ ಬರೆದಿತ್ತು. ಅಂದರೆ ಎಣಿಕೆ ಆಗಿತ್ತು, ತಪ್ಪಾಗಿ ಆಗಿತ್ತು. ಅಪಾಯ ಹೆಚ್ಚಿಸುವ ಸಂಗತಿಗಳೂ ಅದರಲ್ಲೇ ಕಂಡವು: ತುರ್ತು ಆಪರೇಷನ್, ನಡುವೆ ಯೋಜನೆ ಬದಲಾಗುವುದು, ರೋಗಿಯ ದಪ್ಪ ಮೈ. ನಡುರಾತ್ರಿಯ ಸಿಸೇರಿಯನ್, ರಕ್ತ ನಿಲ್ಲುತ್ತಿಲ್ಲ, ಗರ್ಭಕೋಶವನ್ನೇ ತೆಗೆಯಬೇಕಾದ ಸ್ಥಿತಿ. ಮೊದಲ ಎರಡೂ ಅಲ್ಲೇ ಕೂಡಿಬರುತ್ತವೆ. ಅವಸರದಲ್ಲಿ ಬಿಟ್ಟುಬಿಡುವ ಕೆಲಸವೇ ಅವಸರದಲ್ಲಿ ಹೆಚ್ಚು ಬೇಕಾದ ಕೆಲಸ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿ ಒಂದೇ ಹಾಳೆಯದು, 19 ಅಂಶ, ಮೂರು ನಿಲ್ದಾಣ. ಅರಿವಳಿಕೆ ಕೊಡುವ ಮುನ್ನ: ರೋಗಿ ಯಾರು, ಯಾವ ಬದಿ, ಗುರುತು ಹಾಕಿದೆಯೇ, ಔಷಧದ ಅಲರ್ಜಿ ಇದೆಯೇ, 500 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋಗುವ ಸಂಭವವಿದ್ದರೆ ರಕ್ತ ತಯಾರಿದೆಯೇ. ಕೊಯ್ಯುವ ಮುನ್ನ: ಎಲ್ಲರೂ ಕೈ ನಿಲ್ಲಿಸಿ ಹೆಸರು, ಆಪರೇಷನ್, ಜಾಗ ಗಟ್ಟಿಯಾಗಿ ಹೇಳುವುದು, ಆಂಟಿಬಯಾಟಿಕ್ ಕಳೆದ 60 ನಿಮಿಷದೊಳಗೆ ಕೊಟ್ಟಾಗಿದೆಯೇ ಎಂದು ನೋಡುವುದು. ಥಿಯೇಟರಿನಿಂದ ಹೊರಡುವ ಮುನ್ನ: ಎಣಿಕೆ, ಪರೀಕ್ಷೆಗೆ ಕಳಿಸುವ ತುಂಡಿನ ಮೇಲಿನ ಚೀಟಿ. ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದವು ಎಂದು 2009ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ಈ ಹಾಳೆ ಬಹಳ ಕಡೆ ಇದೆ. ಆದರೆ ಆಪರೇಷನ್ ಮುಗಿದ ಮೇಲೆ ಆಫೀಸಿನಲ್ಲಿ ಕೂತು ಒಂದೇ ಪೆನ್ನಿನಲ್ಲಿ ಎಲ್ಲಕ್ಕೂ ಟಿಕ್ ಹಾಕಿದ ಹಾಳೆ, ಹಾಳೆಯೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಪಾಟಿ ಸವಾಲಿನಲ್ಲಿ ಅದು ಐದು ನಿಮಿಷ ನಿಲ್ಲುವುದಿಲ್ಲ, ಜೊತೆಗೆ ಉಳಿದ ದಾಖಲೆಗಳ ನಂಬಿಕೆಯನ್ನೂ ಕೆಡಿಸುತ್ತದೆ.

ಒಪ್ಪಿಗೆಯ ವಿಷಯಕ್ಕೆ 2008ರ ಸಮೀರಾ ಕೊಹ್ಲಿ ತೀರ್ಪು ಸಾಕು. ಕ್ಯಾಮೆರಾ ಹಾಕಿ ತಪಾಸಣೆ ಮಾಡಲು ರೋಗಿ ಸಹಿ ಮಾಡಿದ್ದರು. ಅರಿವಳಿಕೆಯಲ್ಲಿದ್ದಾಗ ಹೊರಗಿದ್ದ ತಾಯಿಯಿಂದ ಸಹಿ ಪಡೆದು ಗರ್ಭಕೋಶ, ಅಂಡಾಶಯ ತೆಗೆದರು. ವೈದ್ಯಕೀಯವಾಗಿ ಅದು ಸರಿಯಾದ ಚಿಕಿತ್ಸೆಯೇ ಇರಬಹುದು; ಆದರೂ ಪ್ರಾಣಾಪಾಯ ಇರಲಿಲ್ಲ, ರೋಗಿ ಎಚ್ಚರವಾಗುವ ತನಕ ಕಾಯಬಹುದಿತ್ತು, ವಯಸ್ಕರ ಪರವಾಗಿ ತಾಯಿ ಒಪ್ಪಲಾಗದು ಎಂದು ಕೋರ್ಟು ಹೇಳಿತು. ಇಲ್ಲಿ ಕೂತ ವೈದ್ಯರಿಗೆ ನಮ್ಮ ಸಲಹೆ ಇಷ್ಟೇ: ‘ಯಾವುದೇ ಚಿಕಿತ್ಸೆಗೆ ಒಪ್ಪಿದ್ದೇನೆ’ ಎಂಬ ಅಚ್ಚಾದ ಇಂಗ್ಲಿಷ್ ಸಾಲಿನ ಕೆಳಗಿನ ಸಹಿಯನ್ನು ನಂಬಬೇಡಿ. ಆಪರೇಷನ್ನಿನ ಹೆಸರು, ಮುಖ್ಯ ಅಪಾಯಗಳು, ಬೇರೆ ದಾರಿ ಏನಿದೆ, ಮಾಡದಿದ್ದರೆ ಏನಾಗುತ್ತದೆ, ನಡುವೆ ಯಾವುದಕ್ಕೆ ಬದಲಾಗಬಹುದು, ಇಷ್ಟನ್ನು ಕೈಯಲ್ಲಿ ಬರೆದು ಕನ್ನಡದಲ್ಲೋ ಕೊಂಕಣಿಯಲ್ಲೋ ಓದಿ ಹೇಳಿ, ಹೇಳಿದವರ ಹೆಸರು ಮತ್ತು ಸಮಯ ಹಾಕಿ. ಥಿಯೇಟರಿನ ಬಾಗಿಲಲ್ಲಿ ಹಾಕಿಸಿಕೊಂಡ ಸಹಿಗೆ ಬೆಲೆ ಕಡಿಮೆ.

ಈಗ ರಾತ್ರಿಯ ವಿಷಯ. ನಮ್ಮ ಊರುಗಳ ಅನೇಕ ನರ್ಸಿಂಗ್ ಹೋಮ್‌ಗಳಲ್ಲಿ ಸರ್ಜನ್ ವಾರಕ್ಕೊಮ್ಮೆ ಬರುವವರು. ಬೆಳಿಗ್ಗೆ ಬಂದು ನಾಲ್ಕಾರು ಆಪರೇಷನ್ ಮುಗಿಸಿ ಸಂಜೆ ಘಟ್ಟ ಹತ್ತುತ್ತಾರೆ. ಅರಿವಳಿಕೆ ತಜ್ಞರು ಅದೇ ದಿನ ಎರಡು ಮೂರು ಕಡೆ ಹೋಗಬೇಕು. ರಾತ್ರಿ ಉಳಿಯುವವರು ಡ್ಯೂಟಿ ಡಾಕ್ಟರ್ ಮತ್ತು ಸಿಸ್ಟರ್. ಈ ಏರ್ಪಾಡು ಇಲ್ಲದಿದ್ದರೆ ಬಹಳ ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ, ಆದ್ದರಿಂದ ಇದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಅಪಾಯ ಬರುವುದು ಈ ರಾತ್ರಿಯಲ್ಲೇ.

ಒಳಗೆ ರಕ್ತ ಸೋರುತ್ತಿರುವ ರೋಗಿಯಲ್ಲಿ ಬಿಪಿ ಕೊನೆಗೆ ಬೀಳುತ್ತದೆ. ಮೊದಲು ಏರುವುದು ನಾಡಿ: 84, 96, 110, 124. ಆಮೇಲೆ ಮೂತ್ರ ಕಡಿಮೆಯಾಗುತ್ತದೆ. ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಅರ್ಧ ಮಿಲಿಲೀಟರಿನಂತೆ ಲೆಕ್ಕ ಹಾಕಿದರೆ 60 ಕಿಲೋ ತೂಕದವರಿಗೆ ಗಂಟೆಗೆ 30 ಮಿಲಿಲೀಟರ್ ಬರಬೇಕು. ಆರು ಗಂಟೆಯಲ್ಲಿ ಚೀಲದಲ್ಲಿ 180 ಇರಬೇಕಾದಲ್ಲಿ 60 ಇದ್ದರೆ ಯಾರನ್ನಾದರೂ ಎಬ್ಬಿಸಲೇಬೇಕು. ಸಿಸೇರಿಯನ್ನಿನಲ್ಲಿ ಒಂದು ಲೀಟರ್ ರಕ್ತ ಹೋಯಿತೆಂದರೆ ಅದು ಅತಿ ರಕ್ತಸ್ರಾವ. ನಾಡಿ 120 ದಾಟಿದ ರೋಗಿಗೆ ನೋವಿನ ಇಂಜೆಕ್ಷನ್ ಕೊಟ್ಟು ‘ನಿದ್ದೆ ಬಂತು’ ಎಂದು ಬರೆದ ಚಾರ್ಟು ಎದುರು ಪಕ್ಷದ ವಕೀಲರಿಗೆ ಸಿಕ್ಕರೆ ಅವರಿಗೆ ಬೇರೆ ಸಾಕ್ಷಿ ಬೇಡ. ಗಂಟೆಗೊಮ್ಮೆ ಬಿಪಿ 120/80, ನಾಡಿ 80 ಎಂದು ಬೆಳಗಿನ ತನಕ ಒಂದೇ ಕೈಬರಹದಲ್ಲಿ ಇಳಿದು, ಬೆಳಿಗ್ಗೆ ಆರಕ್ಕೆ ‘ರೋಗಿ ಗಂಭೀರ’ ಎಂದು ಬರುವ ಚಾರ್ಟೂ ಅಷ್ಟೇ. ಮನುಷ್ಯರ ನಾಡಿ ಹಾಗೆ ನಿಲ್ಲುವುದಿಲ್ಲ.

ಹೊಣೆ ಯಾರದು? ‘ಸರ್ಜನ್ ನಮ್ಮ ನೌಕರರಲ್ಲ, ಹೊರಗಿನಿಂದ ಬರುವವರು’ ಎಂದು ಆಸ್ಪತ್ರೆ ಕೈ ತೊಳೆದುಕೊಳ್ಳಲಾಗದು. 2004ರ ಸವಿತಾ ಗಾರ್ಗ್ ತೀರ್ಪಿನ ಪ್ರಕಾರ, ವೈದ್ಯರನ್ನು ಹೆಸರಿಸಿ ಪಕ್ಷಗಾರರನ್ನಾಗಿ ಮಾಡದಿದ್ದರೂ ಆಸ್ಪತ್ರೆಯ ಮೇಲಿನ ದೂರು ಬಿದ್ದುಹೋಗುವುದಿಲ್ಲ, ಎಚ್ಚರ ವಹಿಸಿದ್ದೆವು ಎಂದು ತೋರಿಸುವ ಭಾರ ಆಸ್ಪತ್ರೆಯ ಮೇಲೆ ಬರುತ್ತದೆ. ಆಪರೇಷನ್ ಮಾಡಿ ಹೊರಟ ಸರ್ಜನ್ನಿನ ಹೊಣೆಯೂ ಘಟ್ಟದ ತಿರುವಿನಲ್ಲಿ ಮುಗಿಯುವುದಿಲ್ಲ. ಯಾವ ಸ್ಥಿತಿಯಲ್ಲಿ ಫೋನ್ ಮಾಡಬೇಕು, ಅಗತ್ಯ ಬಿದ್ದರೆ ಮತ್ತೆ ಹೊಟ್ಟೆ ತೆರೆಯಲು ಹತ್ತಿರದಲ್ಲಿ ಯಾರಿದ್ದಾರೆ ಎಂಬುದನ್ನು ಬರೆದಿಟ್ಟೇ ಹೋಗಬೇಕು. ಡ್ಯೂಟಿಯಲ್ಲಿದ್ದವರ ಅರ್ಹತೆಯೂ ಲೆಕ್ಕಕ್ಕೆ ಬರುತ್ತದೆ. ಹೋಮಿಯೋಪತಿ ಓದಿದವರು ಅಲೋಪತಿ ಔಷಧ ಕೊಟ್ಟದ್ದೇ ನಿರ್ಲಕ್ಷ್ಯ, ಬೇರೆ ಪುರಾವೆ ಬೇಡ ಎಂದು 1996ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ.

ರೆಫರ್ ಮಾಡುವುದು ನಮ್ಮ ಜಿಲ್ಲೆಯಲ್ಲಿ ಚಿಕಿತ್ಸೆಯ ಒಂದು ಭಾಗವೇ ಆಗಿಹೋಗಿದೆ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್, ಹೊನ್ನಾವರದಿಂದ ಮಣಿಪಾಲಕ್ಕೆ ಅದಕ್ಕಿಂತ ಹೆಚ್ಚು. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಬಂದ ಮೇಲೂ ಗೋವಾ ದಾರಿ ನಿಂತಿಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಅಂಬ್ಯುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಸತ್ತರು. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಆಗ ಬೀದಿಗೆ ಬಂತು. 2024ರ ಜುಲೈನಲ್ಲಿ ಅಂಕೋಲಾದ ಇನ್ನೊಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು. ಮಳೆಗಾಲದಲ್ಲಿ ದೇವಿಮನೆ, ಅರಬೈಲು ಘಟ್ಟಗಳ ಭರವಸೆ ಇಲ್ಲ. ದೂರ ಇದೆ ಎಂಬುದು ವೈದ್ಯರ ತಪ್ಪಲ್ಲ. ಆದರೆ ದೂರ ಇದೆ ಎಂದು ಗೊತ್ತಿದ್ದ ಮೇಲೆ ತೀರ್ಮಾನವನ್ನು ಬೇಗ ತೆಗೆದುಕೊಳ್ಳಬೇಕಿತ್ತು ಎಂಬ ವಾದ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಎರಡು ಗಂಟೆ ಕಾಯ್ದು ನೋಡಬಹುದಾದ ರೋಗಿಯನ್ನು ಸಿದ್ದಾಪುರದಲ್ಲಿ ಕಾಯ್ದು ನೋಡಲಾಗದು.

ಆದ್ದರಿಂದ ರೆಫರಲ್ ಚೀಟಿಯಲ್ಲಿ ‘ಹೆಚ್ಚಿನ ಚಿಕಿತ್ಸೆಗಾಗಿ ಕಳಿಸಲಾಗಿದೆ’ ಎಂದಷ್ಟೇ ಬರೆದರೆ ಆಸ್ಪತ್ರೆಗೂ ರೋಗಿಗೂ ನಷ್ಟ. ಕಳಿಸುವ ತೀರ್ಮಾನ ಎಷ್ಟು ಗಂಟೆಗೆ ಆಯಿತು, ಅಂಬ್ಯುಲೆನ್ಸ್ ಹೊರಟದ್ದು ಎಷ್ಟಕ್ಕೆ, ಹೊರಡುವಾಗ ನಾಡಿ, ಬಿಪಿ, ಆಮ್ಲಜನಕದ ಮಟ್ಟ ಎಷ್ಟಿತ್ತು, ಏನೇನು ಔಷಧ ಮತ್ತು ಎಷ್ಟು ರಕ್ತ ಕೊಟ್ಟಾಗಿದೆ, ಆಪರೇಷನ್ನಿನಲ್ಲಿ ಏನು ಕಂಡಿತು, ಆ ಕಡೆ ಯಾರೊಂದಿಗೆ ಮಾತಾಡಿದ್ದು, ಜೊತೆಗೆ ಹೋದ ನರ್ಸ್ ಯಾರು, ಇಷ್ಟೂ ಅದರಲ್ಲಿರಬೇಕು. ಮನೆಯವರು ಅಂಬ್ಯುಲೆನ್ಸ್ ಹತ್ತುವ ಮುನ್ನ ಆ ಚೀಟಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮೂಲ ಪ್ರತಿ ದೊಡ್ಡ ಆಸ್ಪತ್ರೆಯ ಫೈಲಿಗೆ ಸೇರಿದ ಮೇಲೆ ಹಿಂದಕ್ಕೆ ಬರುವುದು ಕಷ್ಟ.

ದಾಖಲೆ ಕೇಳುವುದು ನಿಮ್ಮ ಹಕ್ಕು. 2002ರ ವೈದ್ಯಕೀಯ ನಡತೆ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಡಬೇಕು, ರೋಗಿಯೋ ಅಧಿಕೃತ ಸಂಬಂಧಿಕರೋ ಕೇಳಿದರೆ 72 ಗಂಟೆಯೊಳಗೆ ಪ್ರತಿ ಕೊಡಬೇಕು. ಕೊಡದಿರುವುದು ಸ್ವತಃ ದುರ್ನಡತೆ. ಬಾಯಲ್ಲಿ ಕೇಳಬೇಡಿ, ಅರ್ಜಿ ಬರೆದು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ, ಸೀಲು ಹಾಕದಿದ್ದರೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ‘ಎಲ್ಲ ದಾಖಲೆ’ ಎಂದರೆ ಡಿಸ್ಚಾರ್ಜ್ ಸಮ್ಮರಿ ಮಾತ್ರ ಕೈಗೆ ಬರುತ್ತದೆ, ಅದರಲ್ಲಿ ಏನೂ ಇರುವುದಿಲ್ಲ. ಹೆಸರಿಟ್ಟು ಕೇಳಿ: ಒಪ್ಪಿಗೆ ಪತ್ರ, ಅರಿವಳಿಕೆ ಚಾರ್ಟು, ಆಪರೇಷನ್ ನೋಟ್ಸ್, ಎಣಿಕೆ ಹಾಳೆ, ನರ್ಸಿಂಗ್ ಚಾರ್ಟು, ಮೂತ್ರದ ಅಳತೆಯ ಚಾರ್ಟು, ಔಷಧ ಕೊಟ್ಟ ಹಾಳೆ, ರಕ್ತ ಹಾಕಿದ ದಾಖಲೆ, ಲ್ಯಾಪ್ರೋಸ್ಕೋಪಿಯ ವಿಡಿಯೋ ಇದ್ದರೆ ಅದು. ಆಸ್ಪತ್ರೆಯವರಿಗೆ ಒಂದು ಮಾತು: ತಿದ್ದಬೇಕಾದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಬರೆದು, ತಾರೀಕು, ಸಮಯ, ಸಹಿ ಹಾಕಿ. ವೈಟ್ನರ್ ಬಳಿದ ಕೇಸ್ ಶೀಟನ್ನು ಯಾವ ವಕೀಲರೂ ಉಳಿಸಲಾರರು.

ಸಾವಾಗಿದ್ದರೆ ಇನ್ನೊಂದಿದೆ, ಹೇಳಲು ಕಷ್ಟದ್ದು: ಮರಣೋತ್ತರ ಪರೀಕ್ಷೆ. ನಮ್ಮ ಕಡೆ ದೇಹವನ್ನು ಬೇಗ ಮನೆಗೆ ತಂದು ಸಂಸ್ಕಾರ ಮುಗಿಸುವುದು ರೂಢಿ. ಸಂಶಯ ಇದ್ದರೆ ಆವತ್ತೇ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಟ್ಟು ಪರೀಕ್ಷೆ ಮಾಡಿಸಬೇಕು. ಅದು ಇಲ್ಲದಿದ್ದರೆ ಸಾವಿನ ಕಾರಣ ಎರಡೂ ಕಡೆಯ ಊಹೆಯಾಗಿ ಉಳಿಯುತ್ತದೆ, ಊಹೆಯಲ್ಲಿ ಸೋಲುವವರು ದೂರುದಾರರು.

ಹೋಗುವುದೆಲ್ಲಿಗೆ? ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನ ‘ಸೇವೆ’ ಎಂದು 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನವಾಯಿತು. ವಿಮಾ ಕಂಪನಿ ಹಣ ಕಟ್ಟಿದ್ದರೂ ಅದು ಹಣ ಕೊಟ್ಟ ಚಿಕಿತ್ಸೆಯೇ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಲ್ಲಿ ಉಚಿತ ರೋಗಿಯೂ ಗ್ರಾಹಕರೇ. ಎಲ್ಲರಿಗೂ ಪೂರ್ತಿ ಉಚಿತವಾದ ಕಡೆ ಮಾತ್ರ ಈ ಬಾಗಿಲು ಮುಚ್ಚಿದೆ. ಅಲ್ಲಿ ಸಿವಿಲ್ ಕೋರ್ಟು, ಸರ್ಕಾರದ ಮೇಲಾದರೆ ದಾವೆಗೆ ಮುನ್ನ ಎರಡು ತಿಂಗಳ ನೋಟಿಸು ಕೊಡಬೇಕು. 2019ರ ಹೊಸ ಗ್ರಾಹಕ ಕಾಯ್ದೆಯಲ್ಲಿ ನಮ್ಮ ಜಿಲ್ಲೆಗೆ ಬಹಳ ಉಪಯೋಗದ ಒಂದು ಬದಲಾವಣೆ ಇದೆ: ದೂರುದಾರರು ವಾಸ ಇರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಆಪರೇಷನ್ ಗೋವಾದಲ್ಲಾಗಿರಲಿ, ಹುಬ್ಬಳ್ಳಿಯಲ್ಲಾಗಿರಲಿ, ಕಾರವಾರದ ಆಯೋಗ ಕೇಳಬಲ್ಲದು. ಮೂರು ಊರಿನ ಮೂರು ಆಸ್ಪತ್ರೆಗಳನ್ನೂ ಒಂದೇ ದೂರಿನಲ್ಲಿ ಸೇರಿಸಬಹುದು, ತುಂಡಾದ ದಾಖಲೆ ಅಲ್ಲಿ ಒಂದಾಗುತ್ತದೆ. ಕೇಳುವ ಪರಿಹಾರ ಎಷ್ಟೇ ಇರಲಿ, ಕೊಟ್ಟ ಶುಲ್ಕ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ. 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಆನ್‌ಲೈನಿನಲ್ಲಿ ಸಲ್ಲಿಸಬಹುದು, ವಿಡಿಯೋ ಮೂಲಕ ವಿಚಾರಣೆ ಕೇಳಬಹುದು. ಶಿರಸಿಯಿಂದ ಕಾರವಾರಕ್ಕೆ ನೂರು ಕಿಲೋಮೀಟರ್ ಮೇಲಿದೆ ಎಂಬುದು ನಿಮಗೇ ಗೊತ್ತು. ಎದುರು ಪಕ್ಷ 30 ದಿನದಲ್ಲಿ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನು 15 ದಿನ. ಕಾಲಮಿತಿ ಎರಡು ವರ್ಷ.

ತಜ್ಞರ ಅಭಿಪ್ರಾಯ ಪ್ರತಿ ದೂರಿಗೂ ಬೇಕೆಂದಿಲ್ಲ. ಮಲೇರಿಯಾಕ್ಕೆ ಟೈಫಾಯ್ಡಿನ ಚಿಕಿತ್ಸೆ ಕೊಟ್ಟ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು ಹಾಗೆ ಹೇಳಿತು. ಆದರೆ ಪಿತ್ತನಾಳದಂಥ ವಿಷಯದಲ್ಲಿ ತಜ್ಞರಿಲ್ಲದೆ ಹೋಗುವುದು ದುಡುಕು. ವೈದ್ಯರ ನೋಂದಣಿಯ ಮೇಲೆ ಕ್ರಮ ಬೇಕಿದ್ದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್. ಅದು ಹಣ ಕೊಡಿಸುವುದಿಲ್ಲ. ಖಾಸಗಿ ಆಸ್ಪತ್ರೆಯ ಪರವಾನಗಿ, ದರ, ಸೌಕರ್ಯಗಳ ದೂರಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಕಾರವಾರದಲ್ಲಿದೆ.

ಪೊಲೀಸ್ ಕೇಸು ಎಲ್ಲರ ಬಾಯಲ್ಲೂ ಮೊದಲು ಬರುತ್ತದೆ, ನಮ್ಮ ಅಭಿಪ್ರಾಯದಲ್ಲಿ ಕೊನೆಗೆ ಬರಬೇಕಾದದ್ದು. ಜೇಕಬ್ ಮ್ಯಾಥ್ಯೂ ಪ್ರಕರಣದ ದೂರೇ, ಉಸಿರಾಟಕ್ಕೆ ಕಷ್ಟಪಡುತ್ತಿದ್ದ ರೋಗಿಗೆ ತಂದ ಆಮ್ಲಜನಕದ ಸಿಲಿಂಡರ್ ಖಾಲಿ ಇತ್ತು ಎಂಬುದು. ಅದಕ್ಕೆ ಆಸ್ಪತ್ರೆ ಪರಿಹಾರ ಕೊಡಬೇಕಾಗಬಹುದು, ಆದರೆ ವೈದ್ಯರನ್ನು ಅಪರಾಧಿಯಾಗಿ ನಿಲ್ಲಿಸಲು ಅದು ಸಾಲದು ಎಂದಿತು ಕೋರ್ಟು. ಕ್ರಿಮಿನಲ್ ಕೇಸಿಗೆ ಘೋರ ನಿರ್ಲಕ್ಷ್ಯ ಬೇಕು, ತನಿಖಾಧಿಕಾರಿ ಮೊದಲು ಸ್ವತಂತ್ರ ವೈದ್ಯರ, ಆದಷ್ಟು ಸರ್ಕಾರಿ ವೈದ್ಯರ ಅಭಿಪ್ರಾಯ ಪಡೆಯಬೇಕು, ದೂರು ಬಂದ ಕೂಡಲೇ ಬಂಧಿಸಬಾರದು. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ನಿರ್ಲಕ್ಷ್ಯದ ಸಾವಿಗೆ ಐದು ವರ್ಷದ ತನಕ ಶಿಕ್ಷೆ, ಚಿಕಿತ್ಸೆ ವೇಳೆ ನೋಂದಾಯಿತ ವೈದ್ಯರಿಂದಾದರೆ ಎರಡು ವರ್ಷದ ತನಕ. ಆಸ್ಪತ್ರೆಯ ಗಾಜು ಒಡೆದವರ ಮೇಲೆ ಬೀಳುವ ಕೇಸು ಮಾತ್ರ ಅದೇ ದಿನ ಬೀಳುತ್ತದೆ, ಅದು ಜಾಮೀನುರಹಿತ.

ಸಭಿಕರ ಪ್ರಶ್ನೆಗಳಿಂದ

‘ಲೆಕ್ಕ ತಪ್ಪಿದೆ ಎಂದು ಹೇಳಿದರೂ ಸರ್ಜನ್ ಹೊಲಿಯಿರಿ ಎಂದರೆ ಸಿಸ್ಟರ್ ಏನು ಮಾಡಬೇಕು?’ ಇನ್ನೊಮ್ಮೆ ಗಟ್ಟಿಯಾಗಿ ಹೇಳಿ, ಅರಿವಳಿಕೆ ವೈದ್ಯರಿಗೂ ಕೇಳುವಂತೆ. ಎಣಿಕೆ ಹಾಳೆಯಲ್ಲಿ ‘ಒಂದು ಮಾಪ್ ಕಡಿಮೆ, ಇಂಥವರಿಗೆ ಇಷ್ಟು ಹೊತ್ತಿಗೆ ತಿಳಿಸಿದೆ, ಎಕ್ಸ್‌ರೇ ಆಗಿಲ್ಲ’ ಎಂದು ಬರೆಯಿರಿ. ‘ಸರಿ’ ಎಂದು ಬರೆಯಲು ಯಾರು ಹೇಳಿದರೂ ಬರೆಯಬೇಡಿ. ಥಿಯೇಟರಿನಿಂದ ಹೊರಬಂದ ಕೂಡಲೇ ಮೇಲಿನವರಿಗೆ ಲಿಖಿತವಾಗಿ ತಿಳಿಸಿ. ರೋಗಿ ಮನೆಗೆ ಹೋಗುವ ಮುನ್ನ ಎಕ್ಸ್‌ರೇ ಆದರೂ ಆಗುತ್ತದೆ.

‘ಹತ್ತು ವರ್ಷದ ಮೇಲೆ ಹೊಟ್ಟೆಯಲ್ಲಿ ಗಾಜ್ ಸಿಕ್ಕರೆ?’ ಎರಡು ವರ್ಷ ಎಣಿಸುವುದು ಸಾಮಾನ್ಯವಾಗಿ ಅದು ಗೊತ್ತಾದ ದಿನದಿಂದ. ಆದರೆ ಎಚ್ಚರ: 1993ರಲ್ಲಿ ಪಿತ್ತಕೋಶದ ಆಪರೇಷನ್ ಆದ ನರ್ಸ್ ಒಬ್ಬರ ಹೊಟ್ಟೆಯಲ್ಲಿ 2002ರಲ್ಲಿ ಗಾಜ್ ಸಿಕ್ಕಿತು, 2004ರಲ್ಲಿ ದೂರು ಕೊಟ್ಟರು. ಆಪರೇಷನ್ ಆದಾಗಿನಿಂದಲೂ ನೋವಿದ್ದರೂ ಆ ಸರ್ಜನ್ನರಲ್ಲಿ ತೋರಿಸಲಿಲ್ಲ, ಪರೀಕ್ಷೆ ಮಾಡಿಸಲಿಲ್ಲ ಎಂಬ ಕಾರಣಕ್ಕೆ 2010ರಲ್ಲಿ ಸುಪ್ರೀಂ ಕೋರ್ಟು ಅವಧಿ ಮೀರಿದೆ ಎಂದಿತು. ನಮಗೆ ಆ ತೀರ್ಪು ಕಠೋರ ಅನ್ನಿಸುತ್ತದೆ, ಆದರೆ ಅದು ಕಾನೂನು. ನೋವು ಉಳಿದರೆ ಹೋಗಿ ತೋರಿಸಿ, ಚೀಟಿ ಇಟ್ಟುಕೊಳ್ಳಿ.

‘ಸಂತಾನಹರಣ ಆದ ಮೇಲೂ ಮಗು ಆದರೆ?’ ಎಷ್ಟೇ ಸರಿಯಾಗಿ ಮಾಡಿದರೂ ಕೆಲವು ವಿಫಲವಾಗುತ್ತವೆ, ಅದೇ ನಿರ್ಲಕ್ಷ್ಯವಲ್ಲ ಎಂದು 2005ರ ತೀರ್ಪಿದೆ. ಒಂದೇ ಕಡೆಯ ನಾಳ ಕಟ್ಟಿ ಇನ್ನೊಂದನ್ನು ಬಿಟ್ಟದ್ದು ನಿರ್ಲಕ್ಷ್ಯ ಎಂದು 2000ದ ತೀರ್ಪಿದೆ. ದಾವೆಗೆ ಹೋಗುವ ಮುನ್ನ ಸರ್ಕಾರದ ಕುಟುಂಬ ಯೋಜನೆ ನಷ್ಟಭರ್ತಿ ಯೋಜನೆಯಲ್ಲಿ ಅರ್ಜಿ ಹಾಕಿ. ವಿಫಲವಾದರೆ 60 ಸಾವಿರ ರೂಪಾಯಿ ಇದೆ, ಗೊತ್ತಾದ 90 ದಿನದೊಳಗೆ ಕೇಳಬೇಕು. ಮುಟ್ಟು ನಿಂತ ಕೂಡಲೇ ಆಸ್ಪತ್ರೆಗೆ ಹೋಗಿ ದಾಖಲೆ ಮಾಡಿಸುವುದು ಇದಕ್ಕಾಗಿಯೇ.

‘ಪರಿಹಾರ ಎಷ್ಟು ಸಿಗುತ್ತದೆ?’ ಪತ್ರಿಕೆಯಲ್ಲಿ ಬರುವ ಮೊತ್ತ ನೋಡಿ ಲೆಕ್ಕ ಹಾಕಬೇಡಿ. ಕೋಲ್ಕತ್ತದ ಪ್ರಕರಣದಲ್ಲಿ 2013ರಲ್ಲಿ ಸುಮಾರು ಆರು ಕೋಟಿ ಬಂದದ್ದು, ತೀರಿಕೊಂಡವರ ಅಮೆರಿಕದ ಸಂಪಾದನೆ ಲೆಕ್ಕಕ್ಕೆ ಬಂದದ್ದರಿಂದ. ಹೈದರಾಬಾದಿನ ಪ್ರಕರಣದಲ್ಲಿ 2009ರಲ್ಲಿ ಒಂದು ಕೋಟಿ ಬಂದದ್ದು, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ವಿದ್ಯಾರ್ಥಿಗೆ ಜೀವನವಿಡೀ ಆರೈಕೆ ಬೇಕಾದದ್ದರಿಂದ. ಉಳಿದಂತೆ ಮೊತ್ತ ನಿಲ್ಲುವುದು ವಯಸ್ಸು, ಆದಾಯ, ಅವಲಂಬಿತರು, ಮುಂದಿನ ಚಿಕಿತ್ಸೆಯ ಖರ್ಚು, ಇವುಗಳ ಕಾಗದದ ಮೇಲೆ. ಅಡಿಕೆ ಬೆಳೆಗಾರರಾದರೆ ಪಹಣಿಯೊಂದೇ ಸಾಲದು. ಸೊಸೈಟಿಯಲ್ಲಿ ಅಡಿಕೆ ಹಾಕಿದ ಮೂರು ವರ್ಷದ ಮಾರಾಟದ ಪಟ್ಟಿ ತನ್ನಿ. ದೋಣಿಯಲ್ಲಿ ದುಡಿಯುವವರಿಗೆ ಮೀನುಗಾರರ ಸಂಘದ ಸದಸ್ಯತ್ವ, ಬ್ಯಾಂಕ್ ಪಾಸ್‌ಬುಕ್, ಸಾಲದ ಕಂತು ಕಟ್ಟಿದ ರಸೀದಿ. ಮನೆಯಲ್ಲಿದ್ದ ಹೆಂಗಸಿನ ದುಡಿಮೆಗೆ ಬೆಲೆ ಇಲ್ಲವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2001ರಲ್ಲೇ ಸುಪ್ರೀಂ ಕೋರ್ಟು ಗೃಹಿಣಿಯ ದುಡಿಮೆಯನ್ನು ತಿಂಗಳಿಗೆ 3,000 ರೂಪಾಯಿ ಎಂದು ಹಿಡಿದಿದೆ, ಈಗ ಅದಕ್ಕಿಂತ ಬಹಳ ಹೆಚ್ಚು ಕೇಳಬೇಕು. ಮೀನು ಮಾರಲು ಹೋಗುತ್ತಿದ್ದವರಾದರೆ ಮನೆಗೆಲಸದ ಲೆಕ್ಕ ಬೇರೆ, ಮಾರಾಟದ ಲೆಕ್ಕ ಬೇರೆ. ಸ್ವಸಹಾಯ ಸಂಘದ ಪುಸ್ತಕದಲ್ಲಿ ವಾರದ ಉಳಿತಾಯ ಬರೆದಿದ್ದರೆ ಅದನ್ನೂ ಜೊತೆಗಿಡಿ.